ಹೊಸಿಲು ದಾಟದ ಬೂದಿ

ಬಾಗಿಲಿಗೆ ನೀರು ಹಾಕಿದೆ. ಒಲೆ ಹಚ್ಚಿ ಅತ್ತೆಗೆ ಬಿಸಿನೀರಿಟ್ಟೆ. ನೆನೆಹಾಕಿದ್ದ ಹೆಸರುಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿದೆ. ರೊಟ್ಟಿ ಬಡಿದು ನಮ್ಮ ಮನೆಯವರ ಡಬ್ಬಿಗೂ ನನ್ನ ಡಬ್ಬಿಗೂ ಹಾಕಿದೆ. ಅಕ್ಕಿ ತೊಳೆದ ನೀರನ್ನು ಹಿತ್ತಲಿನ ಹೀರೇಬಳ್ಳಿಯ ಬುಡಕ್ಕೆ ಸುರಿದೆ. ಕ್ಯಾಂಟೀನಿನ ಉಗ್ರಾಣದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ದಾವಣಗೆರೆ ಬಸ್ ನಿಲ್ದಾಣಕ್ಕೆ ನಡೆದೆ. ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗುತ್ತೂರಿನ ಕಡೆಯ ಕಾರ್ಖಾನೆಯ ಗೇಟಿನಲ್ಲಿ ಸಹಿ ಹಾಕಿ, ಉಗ್ರಾಣ ತೆರೆದು, ಬೇಳೆ ಅಳೆದು ಕೊಟ್ಟೆ, ಮೆಣಸಿನಕಾಯಿ ತೂಗಿ ಕೊಟ್ಟೆ, ಪಾತ್ರೆ ತೊಳೆಯುವ ಸೋಡಾ ಪುಡಿಯ ಹೊಸ ಮೂಟೆಯ ಹೊಲಿಗೆ ಬಿಚ್ಚಿಸಿದೆ. ಅಷ್ಟರಲ್ಲಿ ಸೊಪ್ಪಿನಾಕೆ ಬಂದಳು.

ಆಕೆ ದಿನವೂ ಬರುವವಳೇ. ಕಾರ್ಖಾನೆಯ ಕಾಂಪೌಂಡು ಗೋಡೆಗೆ ಹೊಂದಿಕೊಂಡಂತೆ ಆಕೆಯದೊಂದು ಸಣ್ಣ ತುಂಡು ಹೊಲ. ಅದರಲ್ಲಿ ಪಾತಿ ಮಾಡಿ ಮೆಂತ್ಯ, ಹರಿವೆ, ರಾಜಗಿರಿ ಬೆಳೆದು ಬೆಳಿಗ್ಗೆ ಬುಟ್ಟಿ ತುಂಬ ತಂದು ಕ್ಯಾಂಟೀನಿಗೆ ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಪಾತಿಗಳೇ ಆಕೆಯ ಸಂಸಾರ. ಅಂದು ಬುಟ್ಟಿಯಲ್ಲಿ ಇದ್ದದ್ದು ಒಂದೇ ಹಿಡಿ ಸೊಪ್ಪು. ಎಲೆಗಳ ಅಂಚು ಕಾಗದ ಸುಟ್ಟಂತೆ ಕಂದಿತ್ತು.

"ಇವತ್ತು ತೂಗೋದು ಬ್ಯಾಡ ಅಕ್ಕಾರೆ. ನೋಡ್ರಿ, ಸಾಕು" ಅಂದಳು.

"ಏನಾಯ್ತವ್ವ, ಹುಳ ಬಿತ್ತಾ?"

"ಹುಳ ಆದ್ರೆ ಆರಿಸಿ ಒಗೀತಿದ್ದೆ. ನಿಮ್ಮ ನೀರು ಕುಡಿದು ಹಿಂಗಾಗೈತೆ. ಬರ್ರಿ, ತೋರಿಸ್ತೀನಿ."

ಗೋಡೆ ಸುತ್ತಿ ಹೋಗಿ ನೋಡಿದೆ. ನಮ್ಮ ಕ್ಯಾಂಟೀನಿನ ಪಾತ್ರೆ ತೊಳೆದ ನೀರು ಗೋಡೆಯ ಕೆಳಗಿನ ಕಿಂಡಿಯಿಂದ ಹೊರಬಂದು ಆಕೆಯ ಕಾಲುವೆಗೆ ಸೇರುತ್ತಿತ್ತು. ಆಕೆಯ ಬಾವಿ ಶಿವರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ಅಲ್ಲಿಂದ ಮಳೆಗಾಲದವರೆಗೆ ಈ ನೀರೇ ಆಧಾರ. ಎಷ್ಟೋ ಬೇಸಿಗೆ ಹಾಗೇ ನಡೆದಿತ್ತು. ಈಗ ಪಾತಿಗಳ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಪೊರೆ ಕಟ್ಟಿತ್ತು. ಬೆರಳಲ್ಲಿ ಒರೆಸಿ ನಾಲಿಗೆಗೆ ಮುಟ್ಟಿಸಿದೆ. ಸೋಡಾ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹಿಂದಿನ ವರ್ಷದವರೆಗೆ ಕ್ಯಾಂಟೀನಿನಲ್ಲಿ ಸೌದೆಯ ಒಲೆ ಇತ್ತು. ಅದರ ಬೂದಿಯಲ್ಲೇ ತಟ್ಟೆ ಪಾತ್ರೆ ತೊಳೆಯುತ್ತಿದ್ದರು. ಆಮೇಲೆ ಎಣ್ಣೆಯ ಬರ್ನರ್ ಬಂತು. ಹೊಗೆ ಹೋಯಿತು ಅಂತ ಎಲ್ಲರೂ ಸಂತೋಷಪಟ್ಟೆವು. ಬೂದಿಯೂ ಹೋಯಿತು ಅನ್ನುವುದು ಆವಾಗ ಲೆಕ್ಕಕ್ಕೇ ಬರಲಿಲ್ಲ. ಅದರ ಜಾಗಕ್ಕೆ ಸೋಡಾ ಪುಡಿಯ ಮೂಟೆ ಬಂತು. ಹಂಚುತ್ತಿದ್ದವಳು ನಾನೇ.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕ್ಯಾಂಟೀನು ನೋಡಿಕೊಳ್ಳುವ ವೆಲ್‌ಫೇರ್ ಆಫೀಸರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ. ಯಾವುದಾದರೂ ಕೆಲಸ ಮೇಜಿನ ಮೇಲೆ ಉಳಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

"ಇದು ಸಿಂಪಲ್ ವಿಷಯ ಅಮ್ಮಾ. ಪೈಪ್ ಹಾಕಿಸಿ ಆ ನೀರನ್ನ ಮೇನ್ ಮೋರಿಗೆ ಬಿಟ್ಟುಬಿಡೋಣ. ಆಕೆ ಸೊಪ್ಪು ಸುಡಲ್ಲ, ನಮಗೂ ಕಂಪ್ಲೇಂಟ್ ಬರಲ್ಲ."

"ಸಾರ್, ಆಕೆಗೆ ಬೇರೆ ನೀರಿಲ್ಲ."

"ಈ ನೀರಿಂದಾನೇ ಅಲ್ವಾ ಸುಟ್ಟಿರೋದು? ಕೊಟ್ರೂ ತಪ್ಪು, ನಿಲ್ಲಿಸಿದ್ರೂ ತಪ್ಪು ಅಂದ್ರೆ ನಾನೇನು ಮಾಡಲಿ?"

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಪೈಪಿಗೆ ಇಂಡೆಂಟ್ ಬರೆದರು. ಅದು ಬರುವುದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಸೋಡಾ ಇಲ್ಲದೆ ತೊಳೆಯುವ ದಾರಿ ಇದ್ದರೆ ನೋಡಿ ಅಂದರು. ಸೊಪ್ಪಿನಾಕೆಗೆ ಇದನ್ನು ಇದ್ದಂತೆ ಹೇಳಿದೆ. ಪೈಪು ಬಂದರೆ ನೀರು ಹೋಯಿತು. ಪೈಪು ಬರುವ ಮುಂಚೆ ನೀರು ಶುದ್ಧವಾದರೆ ಉಳಿಯಿತು. ಆಕೆ ಬರಿದಾದ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, "ಹಂಗಾರೆ ನೀವೇ ಏನಾರ ಮಾಡ್ರಿ ಅಕ್ಕಾರೆ. ನಾನು ಆಫೀಸಿನಾಗ ಮಾತಾಡಾಕೆ ಬರಾಕಿಲ್ಲ" ಅಂದು ಹೋದಳು.

ಸಂಜೆ ದಾವಣಗೆರೆಗೆ ಇಳಿದು ನಮ್ಮ ಓಣಿಗೆ ತಿರುಗಿದಾಗ ಮಂಡಕ್ಕಿ ಭಟ್ಟಿಯ ಹಿಂದೆ ಎಂದಿನಂತೆ ಬೂದಿಯ ಗುಡ್ಡೆ ಕಂಡಿತು. ನಮ್ಮ ಓಣಿಯಲ್ಲಿ ಮಂಡಕ್ಕಿ ಹುರಿಯುವ ಸಾಬರ ಮನೆಗಳು ಸಾಲಾಗಿವೆ. ಅವರು ಒಲೆಗೆ ಹಾಕುವುದು ಭತ್ತದ ಹೊಟ್ಟು. ದಿನವೂ ನೋಡಿದ್ದ ಗುಡ್ಡೆಯನ್ನು ಆ ದಿನ ನಿಂತು ನೋಡಿದೆ. ಭಟ್ಟಿಯ ಮನೆಯಾಕೆ ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದಳು.

"ಈ ಬೂದಿ ನನಗೆ ಬೇಕಾಗೈತೆ" ಅಂದೆ.

"ಬೂದಿನಾ? ತಗೊಂಡು ಹೋಗ್ರಿ ಅಕ್ಕಾ. ಅದನ್ನ ಎತ್ತಿ ಹಾಕೋದಕ್ಕೇ ನಮಗೆ ಹೈರಾಣ ಆಗೈತೆ. ನಾಳೆ ಬೇಕಾದ್ರೆ ಒಲೀನೂ ಒಯ್ಯಿರಿ."

ಮನೆಗೆ ತಂದು ಜರಡಿ ಹಿಡಿದೆ. ಅರೆಬೆಂದ ಕಪ್ಪು ಹೊಟ್ಟು ಮೇಲೆ ಉಳಿದು, ನಸುಬಿಳಿಯ ನುಣ್ಣನೆ ಬೂದಿ ಕೆಳಗೆ ಇಳಿಯಿತು. ಒಂದು ತಟ್ಟೆಗೆ ಎಣ್ಣೆ ಬಳಿದು, ಒದ್ದೆ ತೆಂಗಿನ ನಾರಿನಲ್ಲಿ ಬೂದಿ ಅದ್ದಿ ತಿಕ್ಕಿದೆ. ತಟ್ಟೆ ಕಿರ್ರನೆ ಸದ್ದು ಮಾಡುವಷ್ಟು ಸ್ವಚ್ಛವಾಯಿತು. ತೊಳೆದ ನೀರನ್ನು ಹೀರೇಬಳ್ಳಿಗೇ ಹಾಕಿದೆ. ಮೂರ್ನಾಲ್ಕು ದಿನ ಕಾದೆ. ಬಳ್ಳಿಗೆ ಏನೂ ಆಗಲಿಲ್ಲ. ನಮ್ಮ ಮನೆಯವರು, "ಆಫೀಸಿನ ಕೆಲಸ ಮನೀಗೆ ತರ್ತಾರೆ ಅಂತ ಕೇಳಿದ್ದೆ. ನೀನು ಕಸಾನೂ ತಂದೆ" ಅಂದರು. ಅವರು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ತಾವೇ ಅಂಗಡಿಯ ತುಂಡು ಬಟ್ಟೆಯನ್ನು ಚೀಲ ತುಂಬ ತರುವುದು ಅವರಿಗೆ ಮರೆತಿತ್ತು.

ಬೂದಿಯನ್ನು ಗೋಣಿಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲ ನೋಡಿ, "ಏನ್ರಿ ಅಕ್ಕಾರೆ ಅದರಾಗ?" ಅಂದ.

"ಬೂದಿ."

ಹರಿಹರದ ಹೊಳೆಗೆ ಬೂದಿ ಬಿಡಲು ಹೋಗುವವರು ಆ ಬಸ್ಸಿನಲ್ಲಿ ಆಗಾಗ ಇರುತ್ತಾರೆ. ಅವನು ಮುಂದಿನ ಸೀಟಿನಲ್ಲಿದ್ದವನ ಭುಜ ತಟ್ಟಿ, "ಏಳಪ್ಪ, ಪಾಪ, ಹೊಳೆಗೆ ಹೊಂಟಾರೆ" ಅಂತ ನನಗೆ ಜಾಗ ಕೊಡಿಸಿದ. ಪಕ್ಕದಲ್ಲಿದ್ದ ಮುದುಕರು ಕಾಲ ಬಳಿಯ ಚೀಲವನ್ನು ಬಹಳ ಹೊತ್ತು ನೋಡಿ, ಮೆತ್ತಗೆ, "ಯಜಮಾನ್ರದಾ ತಾಯಿ?" ಅಂದರು.

"ಅಲ್ರಿ. ಮಂಡಕ್ಕಿ ಭಟ್ಟಿದು."

ಬಸ್ಸಿಗೆ ಬಸ್ಸೇ ನಕ್ಕಿತು. ಸೀಟು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅಂದಿನಿಂದ ಆ ಕಂಡಕ್ಟರು ನನ್ನನ್ನು ಕಂಡರೆ, "ಬರ್ರಿ, ಇವತ್ತು ಎಷ್ಟು ಮಂದೀದು ತಂದೀರಿ?" ಅನ್ನುವುದನ್ನು ರೂಢಿ ಮಾಡಿಕೊಂಡ.

ಕ್ಯಾಂಟೀನಿನಲ್ಲಿ ತೊಳೆಯುವ ಕ್ರಮವನ್ನೇ ಬದಲಿಸಬೇಕಾಯಿತು. ಅಲ್ಲಿಯವರೆಗೆ ನಲ್ಲಿ ಬಿಟ್ಟುಕೊಂಡು ಸೋಡಾ ಎರಚಿ ತೊಳೆಯುತ್ತಿದ್ದರು. ನಾನು ಮೂರು ಬಾನಿಗಳನ್ನು ಸಾಲಾಗಿ ಇಡಿಸಿದೆ. ತಟ್ಟೆಯ ಎಂಜಲನ್ನು ಮೊದಲು ಬಕೆಟ್ಟಿಗೆ ತಟ್ಟಬೇಕು, ಅದು ಎಮ್ಮೆಗೆ. ಆಮೇಲೆ ಒದ್ದೆ ಬೂದಿಯಲ್ಲಿ ತಿಕ್ಕಬೇಕು. ಮೊದಲ ಬಾನಿಯಲ್ಲಿ ಬೂದಿ ಬಿಡಿಸಬೇಕು, ಎರಡನೆಯದರಲ್ಲಿ ಜಾಲಾಡಬೇಕು, ಮೂರನೆಯ ಬಿಸಿನೀರಿನ ಬಾನಿಯಲ್ಲಿ ಅದ್ದಿ ತೆಗೆಯಬೇಕು. ಮೊದಲ ಬಾನಿ ಕೊಳೆಯಾದಾಗ ಚೆಲ್ಲಿ, ಎರಡನೆಯದನ್ನು ಮೊದಲಿಗೆ ಎಳೆದುಕೊಳ್ಳಬೇಕು. ನಲ್ಲಿ ಮುಚ್ಚಿಯೇ ಇರಬೇಕು.

ತೊಳೆಯುವ ಹೆಂಗಸರಲ್ಲಿ ಹಿರಿಯಳು ಬೂದಿಯ ಬುಟ್ಟಿ ನೋಡಿ ಕೈ ಕಟ್ಟಿ ನಿಂತಳು. "ಮನ್ಯಾಗೂ ಬೂದಿ, ಇಲ್ಲೂ ಬೂದಿ. ಸತ್ತಮ್ಯಾಲಾದ್ರೂ ಬಿಡ್ತೈತೋ ಇಲ್ಲೋ."

"ಆವಾಗ ನೀನೇ ಬೂದಿ ಆಗಿರ್ತಿ. ಈಗ ತಿಕ್ಕು" ಅಂದಳು ಪಕ್ಕದವಳು.

ಒಂದು ವಾರ ಗೊಣಗಿದರು. ಸೋಡಾದಿಂದ ಬಿರಿದಿದ್ದ ಕೈಗಳು ಕೂಡಿಕೊಳ್ಳತೊಡಗಿದ ಮೇಲೆ ಗೊಣಗುವುದು ಕಡಿಮೆಯಾಯಿತು.

ಮೊದಲ ತೊಂದರೆ ಮೋರಿಯಲ್ಲಿ ಬಂತು. ಬೂದಿ ನೀರಿನ ಜೊತೆ ಹೋಗಿ ಕಿಂಡಿಯಲ್ಲಿ ಕೂತು, ನೀರು ತಿರುಗಿ ತೊಳೆಯುವ ಅಂಗಳಕ್ಕೇ ನುಗ್ಗಿತು. ಅಡುಗೆಯ ಅಯ್ಯನವರು ಪಂಚೆ ಎತ್ತಿಕೊಂಡು ಕಟ್ಟೆಯ ಮೇಲೆ ನಿಂತು, "ಹೊಳೀನೇ ಇಲ್ಲಿಗೆ ಬಂದೈತಲ್ಲ, ಇನ್ನ ಬೂದಿ ಬಿಡಾಕೆ ಹರಿಹರಕ್ಕೆ ಯಾಕ ಹೋಗ್ತೀರಿ?" ಅಂದರು. ಬಸ್ಸಿನ ಸುದ್ದಿ ಅವರವರೆಗೂ ಹೋಗಿತ್ತು. ತೋಟದ ಮಾಲಿಗೆ ಹೇಳಿ ಗೋಡೆಯ ಈಚೆಗೆ ಒಂದು ಸಣ್ಣ ಹೊಂಡ ತೆಗೆಸಿ, ಒಡೆದ ಇಟ್ಟಿಗೆ ಕಟ್ಟಿಸಿದೆ. ನೀರು ಅದರೊಳಗೆ ಬಿದ್ದು ನಿಲ್ಲಬೇಕು, ಬೂದಿ ತಳಕ್ಕೆ ಕೂರಬೇಕು, ಮೇಲಿನ ತಿಳಿನೀರು ಮಾತ್ರ ಕಿಂಡಿಗೆ ಹೋಗಬೇಕು. ಹೊಂಡ ತುಂಬಿದಾಗ ಸೊಪ್ಪಿನಾಕೆಯೇ ಬಂದು ಆ ಕೆಸರನ್ನು ಎತ್ತಿ ಸಗಣಿಗೊಬ್ಬರದ ಗುಂಡಿಗೆ ಹಾಕಿಕೊಳ್ಳುತ್ತಿದ್ದಳು. ಪಾತಿಗಳ ಬಿಳಿ ಪೊರೆಯನ್ನು ಕಳೆ ತೆಗೆಯುವ ಕುರ್ಚಿಗೆಯಲ್ಲಿ ಹೆರೆದು ತೆಗೆದು, ಎರಡು ಮೂರು ಸಲ ನೀರು ಕಟ್ಟಿ ಬಿಟ್ಟು, ಮೆಂತ್ಯ ಚೆಲ್ಲಿದಳು. ಅದು ಬೇಗ ಹುಟ್ಟುತ್ತದೆ, ಸತ್ತರೂ ಬೇಗ ಗೊತ್ತಾಗುತ್ತದೆ ಎಂಬುದು ಆಕೆಯ ಲೆಕ್ಕ.

ಮೆಂತ್ಯ ಮೊಳೆತ ವಾರವೇ ಎರಡನೆಯ ತೊಂದರೆ ಬಂತು. ಇದು ದೊಡ್ಡದು.

ಸಾರು, ಹುಳಿ ಮಾಡುವುದಕ್ಕೆ ನಮ್ಮಲ್ಲಿ ತಾಮ್ರದ ದೊಡ್ಡ ಡಬರಿಗಳಿದ್ದವು. ಒಳಗೆ ಕಲಾಯಿ, ಅಂದರೆ ತವರದ ಲೇಪ. ಅದು ಇರುವತನಕ ಹುಣಸೆಹುಳಿ ತಾಮ್ರಕ್ಕೆ ತಾಕುವುದಿಲ್ಲ. ಆ ದಿನ ಅಯ್ಯನವರು ಸಾರಿಗೆ ಒಗ್ಗರಣೆ ಹಾಕಿ, ಸೌಟಿನಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಒಂದು ಹನಿ ನಾಲಿಗೆಗೆ ಇಟ್ಟು ಹೊರಗೆ ಹೋಗಿ ಉಗುಳಿದರು.

"ಕಿಲುಬು. ಯಾರೂ ಮುಟ್ಟಬ್ಯಾಡ್ರಿ."

ಸೈರನ್ನು ಕೂಗುವುದರಲ್ಲಿತ್ತು. ಹುಡುಗರು ಡಬರಿಯನ್ನು ಮೋರಿಯ ಕಡೆ ಎಳೆದರು. ಮೋರಿಗೆ ಬಿಟ್ಟರೆ ಪಾತಿಗೆ ಹೋಗುತ್ತದೆ ಅಂತ ನಾನು ಅಡ್ಡ ನಿಂತು, ಆ ಸಾರನ್ನು ಕಲ್ಲಿದ್ದಲಿನ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ ಹುಗಿಸಿದೆ. ಆ ದಿನ ಕಾರ್ಮಿಕರಿಗೆ ಅನ್ನ, ಮಜ್ಜಿಗೆ, ಶೇಂಗಾ ಚಟ್ನಿಪುಡಿ. ತಟ್ಟೆ ಬಡಿದರು. ಸಾರು ಎಲ್ಲಿ ಅಂದರು. ಅಯ್ಯನವರು ಒಳಗಿನಿಂದಲೇ, "ಸಾರು ರಜಾ ಹಾಕೈತೆ. ನಾಳೆ ಬರ್ತೈತೆ" ಅಂದರು. ತಾವು ಮಾಡಿದ ಅಡುಗೆಯನ್ನು ಅವರು ಎಂದೂ ಚೆಲ್ಲಿದವರಲ್ಲ.

ಡಬರಿಯ ಒಳಗೆ ದೀಪ ಹಿಡಿದು ನೋಡಿದೆವು. ತಳದಲ್ಲಿ ಅಂಗೈ ಅಗಲದಷ್ಟು ಕೆಂಪು ತಾಮ್ರ ಹೊಳೆಯುತ್ತಿತ್ತು. ಕಲಾಯಿ ಕಳಪೆ ಅಂತ ಅಯ್ಯನವರು ತೀರ್ಮಾನಿಸಿದರು. ಹರಿಹರದ ಪೇಟೆಯಿಂದ ಕಲಾಯಿ ಸಾಹೇಬರನ್ನು ಕರೆಸಿದೆವು. ಅವರು ಒಳಗೆ ಬಗ್ಗಿ ನೋಡಿ, ತಲೆ ಎತ್ತಿ, "ನಮ್ದು ಕಲಾಯಿ ಪಕ್ಕಾ ಐತೆ. ಇದು ತಾನಾಗಿ ಹೋಗಿಲ್ಲ, ಯಾರೋ ತೆಗೆದಾರೆ. ಸೌಟು ಯಾವುದು, ಕಬ್ಬಿಣದ್ದಾ?" ಅಂದರು.

"ನನಗೆ ಸೌಟು ಹಿಡಿಯೋದು ಕಲಿಸ್ತೀರೇನು ಸಾಹೇಬ್ರೇ?" ಅಂದರು ಅಯ್ಯನವರು.

"ನನಗೆ ತವರ ಹಿಡಿಯೋದು ನೀವು ಕಲಿಸಿದ್ರಲ್ಲ, ಅದಕ್ಕೆ."

ನಾನು ನಡುವೆ ಚಹಾ ಇಟ್ಟೆ. ಸಾಹೇಬರು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸಿದರು. ಡಬರಿ ಕಾದ ಮೇಲೆ ನವಸಾಗರದ ಪುಡಿ ಎರಚಿದರು. ಬಿಳಿ ಹೊಗೆ ಎದ್ದಿತು. ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯ ಉಂಡೆಯಲ್ಲಿ ಸರಸರನೆ ಒರೆಸಿದರು. ಕೆಂಪು ಮುಚ್ಚಿ ಬೆಳ್ಳಿಯಂತಾಯಿತು. ನೀರಿನಲ್ಲಿ ಅದ್ದಿದಾಗ ಚುಂಯ್ ಅಂದಿತು. ಒಳಗೆ ಬಗ್ಗಿದರೆ ನನ್ನ ಮುಖ ಕಂಡಿತು.

ಆ ಮುಖ ಹೆಚ್ಚು ದಿನ ಉಳಿಯಲಿಲ್ಲ. ತಳ ಮತ್ತೆ ಮಸುಕಾಗಿ, ಅಂಚಿನಲ್ಲಿ ಕೆಂಪು ಇಣುಕಿತು. ಈ ಸಲ ಅಯ್ಯನವರು ಮುಂಚೆಯೇ ನೋಡಿಕೊಂಡರು. ಆಫೀಸರು ಬಂದು ಎಲ್ಲವನ್ನೂ ಕೇಳಿ, "ಹೊಸದಾಗಿ ಬಂದಿರೋದು ಬೂದಿ ಒಂದೇ ಅಮ್ಮಾ. ಅದನ್ನ ನಿಲ್ಲಿಸಿ. ಸೋಡಾ ತೊಗೊಳ್ಳಿ. ಜನ ಊಟ ಮಾಡೋ ಜಾಗ ಇದು" ಅಂದರು. ಉಗ್ರಾಣಕ್ಕೆ ಹೋಗಿ ಸೋಡಾದ ಮೂಟೆ ಕೊಟ್ಟೆ.

ಸೊಪ್ಪಿನಾಕೆ ಹೊಂಡದ ಕೆಸರು ಎತ್ತಲು ಬಂದವಳು ಮೂಟೆ ನೋಡಿದಳು. ಸಂಜೆ ನಾನು ಗೋಡೆ ಸುತ್ತಿ ಹೋದಾಗ ಆಕೆ ಕಾಲುವೆಯ ಬಾಯಿಗೆ ಮಣ್ಣು ಮೆತ್ತುತ್ತಿದ್ದಳು. ನಮ್ಮ ನೀರು ಪಕ್ಕದ ಬೀಳು ನೆಲಕ್ಕೆ ಹರಿಯುತ್ತಿತ್ತು. ಪಾತಿಯಲ್ಲಿ ಮೆಂತ್ಯ ಎರಡೆಲೆ ಬಿಟ್ಟು ನಿಂತಿತ್ತು.

"ಬಾಯಿ ಕಟ್ಟೀನಿ ಅಕ್ಕಾರೆ. ಒಣಗಿದ್ರೆ ಒಣಗಲಿ. ಸುಡೋದು ನೋಡಾಕೆ ಆಗಂಗಿಲ್ಲ."

"ಬಾವಿಯಾಗ ಎಷ್ಟು ಐತೆ?"

"ಕುಡಿಯಾಕೆ ಐತೆ. ಕೊಡದಾಗ ತಂದು ಚಿಮುಕಿಸಿದ್ರೆ ನಾಲ್ಕು ದಿನ ಉಳಿದಾವು."

ವಾಪಸು ಬರುವಾಗ ಗೇಟಿನ ಬಳಿ ಲಾರಿಯಿಂದ ಪೈಪು ಇಳಿಸುತ್ತಿದ್ದರು.

ಮನೆಗೆ ಬಂದು ಸೀರೆ ಬದಲಿಸದೆ ಹಿತ್ತಲ ಕಟ್ಟೆಯ ಮೇಲೆ ಕೂತೆ. ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಾನು ಈ ಮನೆಗೆ ಬಂದಾಗಿನಿಂದ ಬೇರೆ ಪಾತ್ರೆ ನಾನು ತೊಳೆದರೂ, ಬೇಳೆ ಬೇಯಿಸುವ ಕಲಾಯಿ ಪಾತ್ರೆಯನ್ನು ಅವರು ನನ್ನ ಕೈಗೆ ಕೊಟ್ಟವರಲ್ಲ. "ನಿನ್ನ ಕೈ ಅವಸರದ ಕೈ" ಅನ್ನುತ್ತಿದ್ದರು. ನಾನೂ ಒತ್ತಾಯಿಸಿರಲಿಲ್ಲ, ಒಂದು ಪಾತ್ರೆ ಕಡಿಮೆಯಾಯಿತು ಅಂತ ಸುಮ್ಮನಿದ್ದೆ. ಅವರು ಹೇಗೆ ತೊಳೆಯುತ್ತಾರೆ ಅಂತ ನೋಡಿದ್ದು ಅಂದೇ.

ಪಾತ್ರೆಯನ್ನು ಬೋರಲು ಹಾಕಿ, ಹೊರಮೈಗೆ ಹುಣಸೆ ಸಿಪ್ಪೆಯನ್ನೂ ಅದೇ ಭಟ್ಟಿಯ ಬೂದಿಯನ್ನೂ ಹಾಕಿ ಬೆವರು ಬರುವಂತೆ ತಿಕ್ಕಿದರು. ತೊಳೆದರು. ತಮ್ಮ ಕೈಯನ್ನೂ ತೊಳೆದುಕೊಂಡರು. ಆಮೇಲೆ ಪಾತ್ರೆ ತಿರುಗಿಸಿ, ಅಕ್ಕಿ ತೊಳೆದ ನೀರು ಸುರಿದು, ಚಿಟಿಕೆ ಸೀಗೆಪುಡಿ ಹಾಕಿ, ಹಳೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸುವ ಹಾಗೆ ಒಳಗೆ ಒರೆಸಿದರು.

"ಅತ್ತಿ, ಒಳಗ ಯಾಕ ಬೂದಿ ಹಾಕಲಿಲ್ಲ?"

"ಒಳಗ ಹಾಕ್ತಾರೇನು ಬೂದಿ? ಒಳಗ ಎಡೆ ಬೇಯ್ತೈತೆ."

"ಹಾಕಿದ್ರೆ ಏನಾಗ್ತೈತೆ?"

"ನನಗೇನು ಗೊತ್ತು? ನಮ್ಮತ್ತಿ ಹಿಂಗ ತೊಳೀತಿದ್ಲು, ನಾನೂ ಹಿಂಗ ತೊಳೀತೀನಿ. ಎಲ್ಲಾದಕ್ಕೂ ಯಾಕ ಅಂತ ಕೇಳಿದ್ರೆ ಪಾತ್ರಿ ತೊಳೆದಂಗೇ."

ಆ ಪಾತ್ರೆಗೆ ಕಲಾಯಿ ಹಾಕಿಸಿ ಎಷ್ಟೋ ಕಾಲವಾಗಿತ್ತು. ಒಳಗೆ ಇನ್ನೂ ಬೆಳ್ಳಗಿತ್ತು. ನಾನು ಅಲ್ಲೇ ಇದ್ದ ಕಲಾಯಿ ಚೆಂಬನ್ನು ಎಳೆದುಕೊಂಡು, ಒಳಗೆ ಬೂದಿ ಹಾಕಿ, ಕ್ಯಾಂಟೀನಿನವರು ತಿಕ್ಕುವ ಹಾಗೆ ನಾರಿನಲ್ಲಿ ಜೋರಾಗಿ ತಿಕ್ಕಿದೆ. ತೊಳೆದು ನೋಡಿದೆ. ಮತ್ತೆ ತಿಕ್ಕಿದೆ. ಚೆಂಬಿನ ಉಬ್ಬಿದ ಕಡೆ ಕೆಂಪು ಬಂತು.

"ಅಯ್ಯೋ ನಿನ್ನ ಕೈಗೆ ಏನಾಗೈತೆ? ಅದು ನನ್ನ ಮದುವಿ ಚೆಂಬು" ಅಂತ ಅತ್ತೆ ಕಸಿದುಕೊಂಡರು. ನಾನು ಬೂದಿಯನ್ನು ಎರಡು ಬೆರಳ ನಡುವೆ ಉಜ್ಜುತ್ತ ಕೂತೆ. ಕಣ್ಣಿಗೆ ಹಿಟ್ಟು, ಬೆರಳಿಗೆ ಗಾಜಿನ ಪುಡಿ. ಹಿಂದಿನ ಸೌದೆಯ ಬೂದಿ ಇಷ್ಟು ಹರಿತವಿರಲಿಲ್ಲ. ಸೋಡಾ ಇದ್ದಾಗ ಯಾರೂ ಉಜ್ಜುತ್ತಲೇ ಇರಲಿಲ್ಲ. ಸ್ಟೀಲು ತಟ್ಟೆಗೆ, ಡಬರಿಯ ಹೊರಮೈಗೆ ಒಳ್ಳೆಯದಾದ ಬೂದಿ ತವರವನ್ನು ದಿನಕ್ಕಿಷ್ಟು ಅಂತ ಹೆರೆದು ತೆಗೆದಿತ್ತು. ಮನೆಯಿಂದ ನಾನು ಬೂದಿಯನ್ನು ಒಯ್ದಿದ್ದೆ. ಅದರ ಜೊತೆಗಿದ್ದ ಕೈಯನ್ನು ಒಯ್ದಿರಲಿಲ್ಲ.

ಗೊತ್ತಾದದ್ದು ಅರ್ಧ ಕೆಲಸ. ತೊಳೆಯುವ ಅಂಗಳದಲ್ಲಿ ಒಳಗೆ ಬೂದಿ ಹಾಕಬೇಡಿ ಅಂದರೆ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತೊಳೆಯುವವರು ಬದಲಾಗುತ್ತಿರುತ್ತಾರೆ. ಬೂದಿ ಹತ್ತಿದ ಕೈ, ಅದೇ ನಾರು, ಎದುರಿಗೆ ಜಿಡ್ಡಿನ ಡಬರಿ. ಒಂದು ದಿನ ಮರೆತರೆ ಸಾಕು. ಡಬರಿಯ ಒಳಮೈ ಅಂಗಳಕ್ಕೆ ಬರುವ ಮುಂಚೆಯೇ ತೊಳೆದಿರಬೇಕು. ಅಂದರೆ ಅಡುಗೆಮನೆಯಲ್ಲಿ, ಅಯ್ಯನವರ ಕಡೆಯವರ ಕೈಯಲ್ಲಿ. ಅಯ್ಯನವರು ಮುಸುರೆ ಮುಟ್ಟುವವರಲ್ಲ. ಅನ್ನ ಬಡಿಸಿ ಮುಗಿದ ಪಾತ್ರೆಯನ್ನು ಕಾಲಿನಿಂದ ಸಹ ಸರಿಸುತ್ತಿರಲಿಲ್ಲ.

ಮರುದಿನ ಆ ಕೆಂಪು ಚೆಂಬನ್ನು ಅತ್ತೆಗೆ ಹೇಳದೆ ಚೀಲದಲ್ಲಿ ಹಾಕಿಕೊಂಡು ಹೋದೆ. ಅಯ್ಯನವರ ಮುಂದೆ ಇಟ್ಟು ನಡೆದದ್ದು ಹೇಳಿದೆ. ಅವರು ಚೆಂಬಿನೊಳಗೆ ಬೆರಳಾಡಿಸಿ ನೋಡಿದರು.

"ಅಂದ್ರೆ ಸಾಬರ ತವರದ್ದೂ ತಪ್ಪಿಲ್ಲ, ನನ್ನ ಸೌಟಿಂದೂ ತಪ್ಪಿಲ್ಲ."

"ಇಲ್ಲ."

"ಈಗ ನನ್ನ ಕೈಲಿ ಮುಸುರೆ ತೊಳಸ್ಬೇಕು ಅಂತೀರಿ."

"ಮುಸುರೆ ಅಲ್ರಿ ಅಯ್ಯನೋರೆ. ಸಾರು ಬಕೆಟ್ಟಿಗೆ ಬಗ್ಗಿಸಿದ ಕೂಡಲೆ, ಡಬರಿ ಬಿಸಿ ಇರೋವಾಗಲೇ, ಅಕ್ಕಿ ತೊಳೆದ ನೀರು ಹಾಕಿ ಬಟ್ಟೆಯಲ್ಲಿ ಒರೆಸೋದು. ಯಾರೂ ಇನ್ನೂ ಉಂಡಿರಲ್ಲ. ತಟ್ಟೆಗೂ ಬಿದ್ದಿರಲ್ಲ. ಡಬರಿ ಹೊಸಿಲು ದಾಟಿರಲ್ಲ."

ಅವರು ಹೊಸಿಲ ಕಡೆ ನೋಡಿದರು. ಅಡುಗೆಮನೆಗೂ ತೊಳೆಯುವ ಅಂಗಳಕ್ಕೂ ನಡುವೆ ಒಂದು ಎತ್ತರದ ಕಲ್ಲಿನ ಹೊಸಿಲಿತ್ತು.

"ದಾಟೋ ಮುಂಚೆ ಆದ್ರೆ ಅದು ಅಡುಗೇನೇ" ಅಂದರು ನಿಧಾನವಾಗಿ. "ಅಡುಗೆ ಮಾಡಿದವನು ತನ್ನ ಪಾತ್ರಿ ತಾನು ಒರೆಸಿಕೊಂಡ್ರೆ ಯಾರು ಏನಂತಾರೆ? ಆದ್ರ ಒಂದು ಮಾತು. ಆ ಬೂದಿ ಬುಟ್ಟಿ ಈ ಹೊಸಿಲು ದಾಟಿ ಒಳಗ ಬರಬಾರದು. ಬಂದ್ರೆ ನಾನು ಹೊರಗ."

ಅದೇ ನನಗೂ ಬೇಕಾದದ್ದು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಆಫೀಸರ ಹತ್ತಿರ ಹೋಗಿ, ತಟ್ಟೆಗೆ ಮತ್ತು ಹೊರಮೈಗೆ ಬೂದಿ, ಒಳಮೈ ಅಡುಗೆಮನೆಯಲ್ಲಿ ಸೀಗೆಪುಡಿ, ಸೋಡಾ ಬಂದ್ ಅಂದೆ. "ಮತ್ತೆ ಕಿಲುಬು ಬಂದ್ರೆ ಯಾರು ಜವಾಬ್ದಾರಿ?" ಅಂದರು. "ದಿನಾ ಬೆಳಿಗ್ಗೆ ಡಬರಿ ನಾನು ನೋಡಿದ ಮೇಲೇ ಒಲೆ ಹತ್ತುತ್ತೆ ಸಾರ್. ಕೆಂಪು ಕಂಡರೆ ನಾನೇ ಪೈಪ್ ಹಾಕ್ಸಿ ಅಂತೀನಿ" ಅಂದೆ. ಪೈಪು ಜೋಡಿಸುವವರು ಬೇರೆ ಶೆಡ್ಡಿನ ಕೆಲಸದಲ್ಲಿದ್ದರು. ಅವರು ಬರುವತನಕ ಅಂತ ಒಪ್ಪಿದರು.

ಕಲಾಯಿ ಸಾಹೇಬರು ಮತ್ತೆ ಬಂದರು. ನಡೆದದ್ದು ಕೇಳಿ, "ನಂದೇನು ನುಕ್ಸಾನ್ ಇರಲಿಲ್ಲಮ್ಮಾ. ವಾರಕ್ಕೊಂದು ಸಲ ಕರೆದಿದ್ರೆ ಮಗಳ ಶಾದಿ ಆಗೋದು" ಅಂದರು. ಡಬರಿಗಳ ಜೊತೆಗೆ ಅತ್ತೆಯ ಚೆಂಬನ್ನೂ ಬೆಂಕಿಗೆ ಹಿಡಿದರು. ಅಯ್ಯನವರು ತಾವಾಗಿಯೇ ಅವರಿಗೆ ಚಹಾ ತಂದು ಕೊಟ್ಟರು. ಇಬ್ಬರೂ ಸೌಟಿನ ಮಾತು ಎತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಮ್ಮ ಮನೆಯವರ ಅಂಗಡಿಯ ತುಂಡು ಬಟ್ಟೆಗಳು ಅಡುಗೆಮನೆಯ ಗೂಟಕ್ಕೆ ಬಂದವು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಒಂದು ಹಂಡೆಯಲ್ಲಿ ಹಿಡಿದಿಡುವುದು ರೂಢಿಯಾಯಿತು. ಒಂದು ದಿನ ಹೊಸಬಳೊಬ್ಬಳು ಬೂದಿಯ ಕೈಯಲ್ಲಿ ಹೊಸಿಲ ಒಳಗೆ ಕಾಲಿಟ್ಟಾಗ ಅಯ್ಯನವರು ಎಷ್ಟು ಗದರಿದರೆಂದರೆ, ಅಂಗಳದ ಹಿರಿಯಳು, "ಆ ಹೊಸಿಲು ದಾಟಿದ್ರೆ ಮದುವಿ ಆಗ್ಬೇಕಾಗ್ತೈತೆ ತಂಗಿ, ಹುಷಾರು" ಅಂದಳು. ನಾನು ಬೆಳಿಗ್ಗೆ ದೀಪ ಹಿಡಿದು ಒಳಗೆ ಬಗ್ಗುತ್ತಿದ್ದೆ. ಮುಖ ಕಾಣುತ್ತಿತ್ತು. ಸೊಪ್ಪಿನಾಕೆ ಮಾತ್ರ ಕಾಲುವೆಯ ಬಾಯಿ ಬಿಚ್ಚಿರಲಿಲ್ಲ. ಕೊಡದಲ್ಲಿ ತಂದು ಚಿಮುಕಿಸಿದ ನೀರಿನಿಂದ ಒಂದು ಪಾತಿ ಉಳಿದಿತ್ತು, ಉಳಿದವು ಹೋಗಿದ್ದವು. ನಾನು ಹೋಗಿ, ಹೊಂಡದ ನೀರನ್ನು ಆಕೆಯ ಎದುರಿಗೇ ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದೆ. ಆಕೆಯೂ ಮುಟ್ಟಿಸಿದಳು. ಆಮೇಲೆ ಸೆರಗು ಸಿಕ್ಕಿಸಿ, ಕುರ್ಚಿಗೆಯಿಂದ ಮಣ್ಣಿನ ಬಾಯಿ ಒಡೆದಳು. ನೀರು ಆ ಒಂದು ಪಾತಿಗೆ ಹೋಗಿ ನಿಂತಿತು. ಬರಿದಾದ ಪಾತಿಗಳಿಗೆ ಆಕೆ ಅದೇ ದಿನ ಮತ್ತೆ ಬೀಜ ಚೆಲ್ಲಿದಳು.

ಪೈಪಿನವರು ಬಂದ ದಿನ ಆಫೀಸರೂ ಬಂದರು. ಡಬರಿಯೊಳಗೆ ಬಗ್ಗಿದರು. ಅಂಗಳ, ಬಾನಿ, ಹೊಂಡ ನೋಡಿದರು. ಗೋಡೆ ಸುತ್ತಿ ಹೋಗಿ ನಿಂತರು. ಸೊಪ್ಪಿನಾಕೆ ಉಳಿದ ಪಾತಿಯ ಮೆಂತ್ಯ ಕೀಳುತ್ತಿದ್ದಳು. ಪಕ್ಕದ ಪಾತಿಗಳಲ್ಲಿ ಮೊಳಕೆ ಹಸಿರಾಗಿತ್ತು. ಆಕೆ ಎದ್ದು ನಿಂತಳು. ಆಫೀಸರು ಹಿಂದಕ್ಕೆ ಬರುತ್ತ ಪೈಪಿನವರಿಗೆ, "ಇದನ್ನ ಹೊಸ ಶೆಡ್ಡಿನ ಕಕ್ಕಸ್ಸಿನ ಲೈನಿಗೆ ಹಾಕಿ. ಅಲ್ಲಿ ಶಾರ್ಟ್ ಇತ್ತಲ್ಲ" ಅಂದರು. ಮೇಜಿನ ಮೇಲಿನ ಒಂದು ಕೆಲಸ ಮುಗಿದ ನೆಮ್ಮದಿ ಅವರ ನಡಿಗೆಯಲ್ಲಿತ್ತು.

ಸಂಜೆ ಗೇಟಿನಲ್ಲಿ ಸೊಪ್ಪಿನಾಕೆ ಒಂದು ಕಟ್ಟು ಮೆಂತ್ಯವನ್ನು ನನ್ನ ಚೀಲಕ್ಕೆ ತುರುಕಿದಳು. "ತೂಗಬ್ಯಾಡ್ರಿ" ಅಂದಳು. ಬಸ್ಸಿನಲ್ಲಿ ಕಂಡಕ್ಟರು, "ಏನಕ್ಕಾರೆ, ಬೂದಿ ಹೋಗಿ ಸೊಪ್ಪಾತು" ಅಂದ.

ಅಂದು ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಕಲಾಯಿ ಪಾತ್ರೆಯಲ್ಲಿ ಬೇಳೆ ಹಾಕಿ ಬೇಯಿಸಿದ ಮೆಂತ್ಯದ ಪಲ್ಯ, ಹಸಿ ಈರುಳ್ಳಿ, ಮಜ್ಜಿಗೆ. ನಮ್ಮ ಮನೆಯವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಅತ್ತೆ ಬೆಳ್ಳಗಾದ ಚೆಂಬನ್ನು ತಿರುಗಿಸಿ ತಿರುಗಿಸಿ ನೋಡಿ, ಅದರಲ್ಲೇ ನೀರು ಕುಡಿದರು. ಉಂಡೆದ್ದ ಮೇಲೆ ನಾನು ಎಂದಿನಂತೆ ಕಲಾಯಿ ಪಾತ್ರೆಯನ್ನು ಅವರ ಕಡೆ ಸರಿಸಿ ಇಟ್ಟೆ. ಅವರು ಅದನ್ನು ಕಾಲಬೆರಳಿನಿಂದ ನನ್ನ ಕಡೆಗೇ ತಳ್ಳಿದರು.

"ನೀನೇ ತೊಳಿ. ಒಳಗ ಬಟ್ಟೀಲೆ ಒರಸು" ಅಂದು ಒಳಗೆ ಹೋದರು.

ಹೊರಮೈ ತಿಕ್ಕಿದೆ, ಕೈ ತೊಳೆದುಕೊಂಡೆ, ಅಕ್ಕಿ ತೊಳೆದ ನೀರು ಹಾಕಿ ಒಳಗೆ ಒರೆಸಿದೆ. ಆ ನೀರನ್ನು ಹೀರೇಬಳ್ಳಿಗೆ ಸುರಿದು ಬಂದು ನೋಡಿದಾಗ ಅತ್ತೆ ಆಗಲೇ ನಿದ್ದೆ ಹೋಗಿದ್ದರು.